ಹದಿಹರೆಯದ ಅಂಗಿಗಳು

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಶಾಲೆ ಕಾಲೇಜುಗಳ ವೇದಿಕೆಗಳಿಂದ ಒಂದು ಕಥೆ ತಪ್ಪದೆ ಕೇಳಿಬರುತ್ತದೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದರು. ಹತ್ತೊಂಬತ್ತು ವರ್ಷದ ಹುಡುಗ ಪುಟ್ಟಪ್ಪ ತನ್ನ ಇಂಗ್ಲಿಷ್ ಪದ್ಯಗಳನ್ನು ಅವರ ಮುಂದೆ ಹಿಡಿದ. ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯೆ ಎಂದು ಅವರು ಕೇಳಿದರು. ಹುಡುಗ ಕನ್ನಡಕ್ಕೆ ತಿರುಗಿ ಕುವೆಂಪು ಆದ. ಅಲ್ಲಿಗೆ ಕಥೆ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ನಾನೂ ಅದನ್ನು ಹಲವು ವರ್ಷ ಹೇಳಿದವನೇ. ಕಳೆದ ಸಲ ಹೇಳಿ ಮುಗಿಸಿದಾಗ ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಆ ಇಂಗ್ಲಿಷ್ ಪದ್ಯಗಳನ್ನು ಬರೆದದ್ದು ತಪ್ಪೇ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಸಂಕೋಚದಲ್ಲಿಯೇ 'ನೆನಪಿನ ದೋಣಿಯಲ್ಲಿ' (1980) ಎಂಬ ಹೆಬ್ಬೊತ್ತಗೆಯನ್ನು ಮತ್ತೆ ಕೈಗೆತ್ತಿಕೊಂಡೆ. ನಾವು ಹೇಳುತ್ತ ಬಂದ ಕಥೆಗಿಂತ ಅದರೊಳಗಿನ ಕಥೆ ಎಷ್ಟೋ ತೊಡಕಾದದ್ದು, ಎಷ್ಟೋ ಮನುಷ್ಯಸಹಜವಾದದ್ದು.

ವೇದಿಕೆಯ ಕಥೆಯಲ್ಲಿ ಹಿರಿಯರೊಬ್ಬರ ಮಾತು ಸಾಕು, ಕಿರಿಯನು ಬದಲಾಗುತ್ತಾನೆ. ಉಪದೇಶ ಮಾಡುವುದೇ ಕಸುಬಾದ ನಮ್ಮಂಥವರಿಗೆ ಇದು ಹಿತವಾದ ಕಥೆ. ಪುಸ್ತಕದಲ್ಲಿಯಾದರೋ ಆ ಮಾತು ಹುಡುಗನಿಗೆ ಮೊದಲು ರುಚಿಸಿದ್ದಿಲ್ಲ. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋಗಿದ್ದವನಿಗೆ ಸಿಕ್ಕಿದ್ದು ಬುದ್ಧಿಮಾತು. ಆದರೂ ತಿರುವು ಬೇಗ ಆಯಿತೆಂಬುದು ದಿಟ. 'ಅಮಲನ ಕಥೆ' ಪ್ರಕಟವಾದದ್ದು ಅದೇ 1924ರಲ್ಲಿ. ಅಷ್ಟು ಬೇಗ ಹೇಗಾಯಿತು? ಕುಪ್ಪಳಿಯ ಮನೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣಗಳ ಓದು ಕಿವಿಗೆ ಬಿದ್ದಿತ್ತು. ಹನ್ನೆರಡರಲ್ಲಿ ತಂದೆ ತೀರಿಹೋಗಿದ್ದರು. ಮಲೆನಾಡಿನ ದೊಡ್ಡ ಮನೆಯಿಂದ ತೀರ್ಥಹಳ್ಳಿಗೆ, ಅಲ್ಲಿಂದ ಮೈಸೂರಿಗೆ ಬಂದ ಹುಡುಗನಿಗೆ ಕಾಡೂ ಇಲ್ಲ, ಮನೆಯೂ ಇಲ್ಲ. ಇದ್ದದ್ದು ವಾಚನಾಲಯದ ಇಂಗ್ಲಿಷ್ ಕವಿಗಳು. ಅವರ ದನಿಯಲ್ಲಿಯೇ ತನ್ನ ಒಂಟಿತನವನ್ನು ಹೇಳಲು ಕಲಿತ. 1922ರ 'ಬಿಗಿನರ್ಸ್ ಮ್ಯೂಸ್' ಹುಟ್ಟಿದ್ದು ಹೀಗೆ. ಕವಿಯಾಗುವುದು ಹೇಗೆಂಬುದನ್ನು ಅವನು ಇಂಗ್ಲಿಷಿನಲ್ಲಿ ಕಲಿತಿದ್ದ. ಕಸಿನ್ಸರು ಮುಟ್ಟಿದ್ದು ಆಗಲೇ ಹದಗೊಂಡಿದ್ದ ಮನಸ್ಸನ್ನು.

ಹದಿಹರೆಯವನ್ನು ಒಂದು ಪ್ರತ್ಯೇಕ ಅವಸ್ಥೆಯೆಂದು ಎತ್ತಿಹಿಡಿದ ಅಮೆರಿಕದ ಸ್ಟ್ಯಾನ್ಲಿ ಹಾಲ್ ಅವರ ಎರಡು ಸಂಪುಟಗಳು ಹೊರಬಂದದ್ದು 1904ರಲ್ಲಿ, ಎಂದರೆ ಕುವೆಂಪು ಹುಟ್ಟಿದ ವರ್ಷವೇ, ಇದು ಆಕಸ್ಮಿಕವಷ್ಟೆ. ಸ್ವಿಟ್ಜರ್ಲೆಂಡಿನ ಪಿಯಾಜೆ, ಹನ್ನೊಂದು ಹನ್ನೆರಡರ ಸುಮಾರಿಗೆ ಮಗುವಿನ ಬುದ್ಧಿ ಕಣ್ಣೆದುರಿನ ವಸ್ತುವನ್ನು ದಾಟಿ ಸಾಧ್ಯತೆಗಳನ್ನು ತೂಗಿನೋಡುವ ಶಕ್ತಿ ಪಡೆಯುತ್ತದೆ ಎಂದರು. ನಾನು ಬೇರೆಯವನೂ ಆಗಬಹುದಿತ್ತು ಎಂಬ ಯೋಚನೆ ಆಮೇಲಿನದು. 1950ರಲ್ಲಿ 'ಬಾಲ್ಯ ಮತ್ತು ಸಮಾಜ'ವನ್ನು ಬರೆದ ಎರಿಕ್ ಎರಿಕ್‌ಸನ್ನರದು ನಮಗೆ ಇನ್ನೂ ಹತ್ತಿರದ ಮಾತು. ಸಾಲಗಾರನಿಗೆ ವಾಯಿದೆ ಕೊಡುವಂತೆ ಸಮಾಜವು ಈ ವಯಸ್ಸಿನವರಿಗೆ ಒಂದಷ್ಟು ಕಾಲ ವಾಯಿದೆ ಕೊಡುತ್ತದೆ. ಆ ಅವಧಿಯಲ್ಲಿ ಅವರು ಬಗೆಬಗೆಯ ವೇಷಗಳನ್ನು ತೊಟ್ಟು ಕಳಚಿ, ತಾನಾರೆಂಬುದನ್ನು ಕಂಡುಕೊಳ್ಳುತ್ತಾರೆ ಎಂದು ಅವರ ಅಭಿಪ್ರಾಯ. ಪುಟ್ಟಪ್ಪನ ಮೊದಲ ಕಾವ್ಯನಾಮ 'ಕಿಶೋರಚಂದ್ರವಾಣಿ' ಎಂಬುದನ್ನು ಇಲ್ಲಿ ನೆನೆಯಬೇಕು. ಎಷ್ಟು ಸಡಗರದ ಹೆಸರು! ಇಂಗ್ಲಿಷೂ ಅವನಿಗೆ ಅಂಥದೇ ಒಂದು ಅಂಗಿ. ತೊಟ್ಟು ನೋಡಿದ, ತೋಳು ಬಿಗಿಯಾಯಿತು, ಕಳಚಿದ. ತೊಡದೆ ಅದು ತಿಳಿಯುವಂತಿರಲಿಲ್ಲ.

ಪುಸ್ತಕದ ಮೇಲೆ ನನ್ನದೊಂದು ಆಕ್ಷೇಪವೂ ಉಂಟು. ಇದನ್ನು ಬರೆಯುವಾಗ ಕುವೆಂಪು ಎಪ್ಪತ್ತರ ಆಚೆಗಿನವರು, ಮಹಾಕಾವ್ಯದ ಕರ್ತೃ, ಋಷಿಯೆನಿಸಿಕೊಂಡವರು. ಆ ಹಿರಿಯರು ಹಿಂದಿರುಗಿ ನೋಡಿದಾಗ ಹುಡುಗನ ಪ್ರತಿಯೊಂದು ಎಡವುವಿಕೆಯೂ ಗುರುಕೃಪೆಯ, ದೈವಸಂಕಲ್ಪದ ಸೋಪಾನವಾಗಿಬಿಡುತ್ತದೆ. ಎಲ್ಲವೂ ಮೊದಲೇ ನಿಶ್ಚಯವಾಗಿದ್ದಲ್ಲಿ ಹುಡುಗನಿಗೆ ತಡಕಾಡುವ ಕೆಲಸವೇ ಉಳಿಯುವುದಿಲ್ಲ. ಪುಣ್ಯಕ್ಕೆ ಹಳೆಯ ದಿನಚರಿಯ ಟಿಪ್ಪಣಿಗಳನ್ನೂ ಅವರು ಒಳಗೆ ಸೇರಿಸಿದ್ದಾರೆ. ಅಲ್ಲಿ ಮಾತನಾಡುವವನು ಬೇರೆ: ಹೊಗಳಿಕೆಗೆ ಹಿಗ್ಗುವ, ಸಣ್ಣದಕ್ಕೆ ಕುಗ್ಗುವ, ನಾಳೆ ಏನಾಗುವೆನೋ ಅರಿಯದ ಹುಡುಗ. ವೃದ್ಧ ಕವಿಯ ಗಂಭೀರ ಗದ್ಯದ ನಡುವೆ ಈ ದನಿ ತಲೆಯೆತ್ತಿದಾಗಲೆಲ್ಲ ಪುಸ್ತಕಕ್ಕೆ ಜೀವ ಬರುತ್ತದೆ. ಅವನನ್ನು ತಿದ್ದದೆ ಬಿಟ್ಟದ್ದು ಕುವೆಂಪು ಅವರ ದೊಡ್ಡತನ.

ಆದರೆ ಎರಿಕ್‌ಸನ್ನರು ಹೇಳುವ ವಾಯಿದೆ ಎಲ್ಲರಿಗೂ ಸಿಕ್ಕುವುದೇ? ಭೈರಪ್ಪನವರ 'ಭಿತ್ತಿ' (1996) ತೆರೆದವರಿಗೆ ಈ ಸಂದೇಹ ಬಾರದಿರದು. ಪ್ಲೇಗು ತಾಯಿಯನ್ನು ಒಯ್ದ ಹುಡುಗ, ಓದಿಗಾಗಿ ಸಿಕ್ಕಿದ ಕೆಲಸ ಮಾಡಿದ ಹುಡುಗ, ಪ್ರೌಢಶಾಲೆಯನ್ನು ನಡುವೆಯೇ ಬಿಟ್ಟು ಅಲೆಮಾರಿಯಾಗಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿಯಾಗುತ್ತಾನೆ. ಸಾಧುಗಳ ಹಿಂದೆ ಕೆಲವು ತಿಂಗಳು ಸುತ್ತುತ್ತಾನೆ. ಮರಳಿ ಮೈಸೂರಿಗೆ ಬಂದು ಓದಿಗೆ ಕೂರುತ್ತಾನೆ. ಇದೂ ವೇಷ ತೊಟ್ಟು ಕಳಚುವುದೇ ಹೌದು. ಆದರೆ ತಲೆಯ ಮೇಲಿನ ಹೊರೆ ಮಾತ್ರ ವೇಷದ್ದಲ್ಲ. ಕುವೆಂಪು ಅವರಲ್ಲಿ ಕಾಣುವ ಭಾವದ ಉಬ್ಬರ ಇಲ್ಲಿ ಇಲ್ಲ. ವರದಿಗಾರನಂತೆ ಒಣಗಿದ ದನಿಯಲ್ಲಿ ಲೆಕ್ಕ ಒಪ್ಪಿಸುತ್ತಾರೆ. ಆ ಒಣಗು ಅಲ್ಲಲ್ಲಿ ಬೇಸರ ತರಿಸಿದರೂ ಹಸಿವಿನ ಪುಟಗಳಲ್ಲಿ ಅದೇ ಸರಿಯಾದ ದನಿ. ಸಾವೆಂದರೇನು ಎಂಬ ಪ್ರಶ್ನೆ ಅವರನ್ನು ತತ್ತ್ವಶಾಸ್ತ್ರದ ತರಗತಿಗೆ ಕೊಂಡೊಯ್ದದ್ದು ಈ ದಾರಿಯಿಂದಲೇ.

ಸಿದ್ಧಲಿಂಗಯ್ಯನವರ 'ಊರುಕೇರಿ'ಯ ದನಿ ಇನ್ನೊಂದು ಬಗೆಯದು. ಹೊಲದಲ್ಲಿ ಇಬ್ಬರು ಮನುಷ್ಯರನ್ನು ನೊಗಕ್ಕೆ ಕಟ್ಟಿ ಉಳುತ್ತಿದ್ದಾರೆ. ನೋಡುತ್ತ ನಿಂತ ಮಗುವಿಗೆ ಅವರಲ್ಲೊಬ್ಬ ತನ್ನ ತಂದೆಯೆಂದು ತಿಳಿಯುತ್ತದೆ. ಹೀಗೆ ಮೊದಲಾಗುವ ಪುಸ್ತಕ ಮುಂದೆ ನಗಿಸುತ್ತ ಹೋಗುತ್ತದೆ! ಆ ನಗೆಯನ್ನು ಕೆಲವರು ಹಗುರವೆಂದರು. ನನಗೆ ಹಾಗೆ ತೋರುವುದಿಲ್ಲ. ನೀನಾರೆಂದು ಊರೇ ಮೊದಲು ಹೇಳಿಬಿಟ್ಟಿರುವಾಗ ಹುಡುಗನ ಮುಂದಿರುವ ಕೆಲಸ ತನ್ನನ್ನು ಹುಡುಕಿಕೊಳ್ಳುವುದು ಮಾತ್ರವಲ್ಲ, ಅಂಟಿಸಿದ ಹೆಸರನ್ನು ಕಿತ್ತೊಗೆಯುವುದು. ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿ, ಜೊತೆಗಾರರ ನಡುವೆ, ಮಾತುಗಾರನಾಗಿ ಬೆಳೆಯುತ್ತ ಅವನು ಮಾಡುವುದು ಅದನ್ನೇ. ಇಲ್ಲಿ ಹದಿಹರೆಯ ಒಬ್ಬನದಲ್ಲ, ಒಂದು ಗುಂಪಿನದು. ಕುವೆಂಪು ಅವರ ಹುಡುಗ ಒಂಟಿಯಾಗಿ ನಡೆದದ್ದನ್ನು ಓದಿ ಬಂದವರಿಗೆ ಈ ವ್ಯತ್ಯಾಸ ಥಟ್ಟನೆ ಕಾಣುತ್ತದೆ.

ನಮ್ಮ ಕಾದಂಬರಿಗಳಲ್ಲಿ ಮಕ್ಕಳಿದ್ದಾರೆ, ಪ್ರೇಮಿಸುವ ತರುಣರಿದ್ದಾರೆ. ನಡುವಿನ ಆರೇಳು ವರ್ಷಗಳನ್ನು ಹಲವರು ಒಂದು ಅಧ್ಯಾಯದ ವಿರಾಮದಲ್ಲಿ ದಾಟಿಸಿಬಿಡುತ್ತಾರೆ. ಆತ್ಮಕಥೆಗಳು ಹಾಗೆ ದಾಟಿಸಲಾರವು, ಆದುದರಿಂದಲೇ ಈ ಮೂರನ್ನು ನನ್ನ ವಿದ್ಯಾರ್ಥಿಗಳಿಗೆ ಓದಲು ಹೇಳಿದೆ. ಈ ವರ್ಷ ಕಸಿನ್ಸರ ಕಥೆಯನ್ನು ಹೇಳುವಾಗ 'ಬಿಗಿನರ್ಸ್ ಮ್ಯೂಸ್' ಪುಸ್ತಕಕ್ಕೇ ಅರ್ಧ ಗಂಟೆ ಕೊಟ್ಟೆ. ಚಪ್ಪಾಳೆ ಕಡಿಮೆ ಬಿತ್ತು. ಹಿಂದೆ ಪ್ರಶ್ನೆ ಕೇಳಿದ್ದ ಹುಡುಗಿ ಮೂರನ್ನೂ ಓದಿ ಬಂದು, "ಮೂವರೂ ಗಂಡುಮಕ್ಕಳೇ ಅಲ್ಲವೇ ಸರ್?" ಎಂದಳು. ಈ ಸಲವೂ ನಾನು ಸಿದ್ಧನಿರಲಿಲ್ಲ. ಮನೆಯ ಕಪಾಟಿನಿಂದ ವಿಜಯಾ ಅವರ 'ಕುದಿ ಎಸರು' ತಂದುಕೊಟ್ಟೆ. ಇನ್ನೂ ಹಿಂದಿರುಗಿಸಿಲ್ಲ, ತರಗತಿಯ ಇನ್ನಿಬ್ಬರು ಹುಡುಗಿಯರ ಕೈಯಲ್ಲಿ ಅದನ್ನು ಕಂಡೆ.