ಸಿರಿ ಪಾಡ್ದನದಲ್ಲಿ ಕುಮಾರನ ಮಾಯ

ಹೆಬ್ರಿಯಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಪೆರ್ಡೂರನ್ನು ದಾಟಿದರೆ ಹಿರಿಯಡ್ಕ ಸಿಗುತ್ತದೆ. ಅಲ್ಲಿಯ ವೀರಭದ್ರ ದೇವಸ್ಥಾನದಲ್ಲಿಯೂ ಕಾರ್ಕಳದ ಕಡೆಯ ನಂದಳಿಕೆಯಲ್ಲಿಯೂ ವರ್ಷಕ್ಕೊಮ್ಮೆ ಸಿರಿ ಜಾತ್ರೆ ನಡೆಯುತ್ತದೆ. ಅದರ ಹಿಂದಿರುವ ಸಿರಿ ಪಾಡ್ದನವನ್ನು ಹೆಣ್ಣಿನ ಸ್ವಾಭಿಮಾನದ ಕಾವ್ಯವೆಂದು ನಾವು ಕೊಂಡಾಡುತ್ತ ಬಂದಿದ್ದೇವೆ. ಅದು ಯೋಗ್ಯವಾದ ಮಾತೇ. ಆದರೆ ಆ ಕಾವ್ಯದಲ್ಲಿ ಒಂದು ಮಗುವೂ ಇದೆ. ತಾಯಿ ಮರುಮದುವೆಯಾಗುವಾಗ ಮಗುವಿನ ಸ್ಥಾನವೆಲ್ಲಿ ಎಂಬ ಪ್ರಶ್ನೆಯನ್ನು ತುಳುನಾಡು ಬಹುಕಾಲದ ಹಿಂದೆಯೇ ಎತ್ತಿತ್ತು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಈ ಪಾಡ್ದನಕ್ಕೆ ಹಲವು ಪಾಠಗಳಿವೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಸಹಕಾರದೊಂದಿಗೆ 1990ರಲ್ಲಿ ಗೋಪಾಲ ನಾಯ್ಕರಿಂದ ದಾಖಲಿಸಿ 1998ರಲ್ಲಿ ಪ್ರಕಟಿಸಿದ ಪಾಠದಲ್ಲಿ 15,683 ಸಾಲುಗಳಿವೆ. ಕಥೆಯ ಎಳೆ ಸರಳವಾದುದು. ಸತ್ಯನಾಪುರದ ಬೆರ್ಮು ಆಳ್ವರ ಮೊಮ್ಮಗಳಾಗಿ ಬೆಳೆದ ಸಿರಿಯನ್ನು ಬಸರೂರಿನ ಕಾಂತು ಪೂಂಜನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಗಂಡ ಪರಸ್ತ್ರೀಯ ಮನೆಗೆ ಹೋಗಿ ಬಂದು, ಅವಳು ಉಟ್ಟ ಸೀರೆಯನ್ನೇ ಹೆಂಡತಿಯ ಬಯಕೆಗೆ ತಂದಾಗ ಸಿರಿ ಅದನ್ನು ನಿರಾಕರಿಸುತ್ತಾಳೆ. ಮಗ ಕುಮಾರ ಹುಟ್ಟುತ್ತಾನೆ, ಅಜ್ಜ ತೀರಿಕೊಳ್ಳುತ್ತಾರೆ, ಅರಮನೆಯ ಹಕ್ಕಿನ ವ್ಯಾಜ್ಯದಲ್ಲಿ ಸಿರಿಗೆ ಅನ್ಯಾಯವಾಗುತ್ತದೆ. ಅವಳು ಗಂಡನಿಗೆ ವಿಚ್ಛೇದನ ಕೊಟ್ಟು, ಮಗನನ್ನೂ ದಾಸಿ ದಾರುವನ್ನೂ ಕರೆದುಕೊಂಡು ಹೊರಡುತ್ತಾಳೆ. ಮುಂದೆ ಕೊಡ್ಸರ ಆಳ್ವನನ್ನು ವರಿಸುತ್ತಾಳೆ. ಆದರೆ ಅದಕ್ಕೆ ಮೊದಲು, ತಾಯಿಯ ಎರಡನೆಯ ಮದುವೆಯನ್ನು ನೋಡಲೊಪ್ಪದ ಕೂಸು ಕುಮಾರ ತಾನೇ ಬಾಯಿಬಿಟ್ಟು ತನ್ನನ್ನು ಮಾಯ ಮಾಡೆಂದು ಬೇಡುತ್ತಾನೆ. ಅವನು ದಾರುವಿನೊಂದಿಗೆ ಮಾಯವಾಗುತ್ತಾನೆ.

ಈ ಸನ್ನಿವೇಶದಲ್ಲಿ ಕವಿಯ ಸಂಯಮ ದೊಡ್ಡದು. ಪಾಡ್ದನ ಸಿರಿಯ ಮರುಮದುವೆಯನ್ನು ನಿಂದಿಸುವುದಿಲ್ಲ. ಮಲತಂದೆಯನ್ನು ಕ್ರೂರಿಯೆಂದು ಚಿತ್ರಿಸಿ ಸುಲಭದ ಕಣ್ಣೀರನ್ನೂ ಬಯಸುವುದಿಲ್ಲ. ಯಾರೂ ಕೆಟ್ಟವರಲ್ಲದ ಕಡೆಯಲ್ಲಿಯೂ ಒಂದು ಮಗು ಇಲ್ಲವಾಗಬಹುದು ಎಂಬುದನ್ನು ಅದು ಅರಿತಿದೆ.

ಕುಮಾರ ಮಾಯವಾದದ್ದು ತಾಯಿಯ ಮದುವೆಯ ಕಾರಣದಿಂದ ಮಾತ್ರವೇ? ಅಳಿಯಸಂತಾನದ ನಾಡಿನಲ್ಲಿ ಹಾಗೆ ಹೇಳುವುದು ಕಷ್ಟ. ಆ ಕಟ್ಟಿನಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದುದು. ಸೋದರಮಾವನ ಆಶ್ರಯ ಅದಕ್ಕೆ ಸಿದ್ಧವಾಗಿರುತ್ತಿತ್ತು. ವಿಧವೆಯ ಮರುಮದುವೆಗೆ ಬಂಟರಲ್ಲಿ ‘ಬುಡುದಾರೆ’ ಎಂಬ ಪ್ರತ್ಯೇಕ ಹೆಸರೇ ಇತ್ತು. ತಾಯಿ ಯಾರ ಕೈಹಿಡಿದರೂ ಮಗುವಿನ ಮನೆ ಬದಲಾಗುತ್ತಿರಲಿಲ್ಲ. ಆದರೆ ಸಿರಿ ಸತ್ಯನಾಪುರವನ್ನೇ ಕಳೆದುಕೊಂಡಳು. ಅವಳಿಗೆ ಒಡಹುಟ್ಟಿದವರೂ ಇಲ್ಲ. ಆದುದರಿಂದ ಕುಮಾರನನ್ನು ಅಳಿಸಿದ್ದು ಮರುಮದುವೆಗಿಂತ ಹೆಚ್ಚಾಗಿ ಅವನ ಮನೆಯನ್ನು ಕಸಿದ ಆ ತೀರ್ಪು ಎಂದೇ ನನ್ನ ಓದು.

ನಮ್ಮ ಕಾನೂನು ಈ ಸತ್ಯದ ಒಂದು ಭಾಗವನ್ನು ತಲುಪಿದೆ. ತಾಯಿ ಮರುಮದುವೆಯಾದಳೆಂಬುದೊಂದೇ ಕಾರಣದಿಂದ ಮಗುವನ್ನು ಅವಳಿಂದ ತೆಗೆದುಕೊಳ್ಳಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಅದಕ್ಕೂ ಮೊದಲು, 1973ರಲ್ಲಿ, ಕ್ರೈಸ್ತ ದಂಪತಿಗಳ ಒಂದು ಪ್ರಕರಣದಲ್ಲಿ ಮಕ್ಕಳು ಹೆತ್ತವರ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ತತ್ತ್ವವನ್ನು ಅದೇ ನ್ಯಾಯಾಲಯ ಎತ್ತಿಹಿಡಿದಿತ್ತು. ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವದ 1956ರ ಅಧಿನಿಯಮವು ಸ್ವಾಭಾವಿಕ ಪೋಷಕರನ್ನು ಹೆಸರಿಸುವಾಗ ‘ತಂದೆ’, ‘ತಾಯಿ’ ಎಂಬ ಪದಗಳಲ್ಲಿ ಮಲತಂದೆ ಮಲತಾಯಿಯರು ಸೇರುವುದಿಲ್ಲವೆನ್ನುತ್ತದೆ. ಎಂದರೆ ಮಗುವಿಗೆ ದಿನವೂ ಅನ್ನವಿಕ್ಕುವ ವ್ಯಕ್ತಿಗೆ ಅದರ ಮೇಲೆ ಸ್ವಾಭಾವಿಕ ಹಕ್ಕಿಲ್ಲ. ಹಾಗಿದ್ದೂ ಮಗುವಿನ ಸುಖದುಃಖ ಬಹುಮಟ್ಟಿಗೆ ಆ ವ್ಯಕ್ತಿಯ ಕೈಯಲ್ಲಿಯೇ ಇರುತ್ತದೆ. ‘ತಾಯಿ ಮದುವೆಯಾದಳೇ, ತಂದೆ ಮದುವೆಯಾದನೇ’ ಎಂದು ಕೇಳುವುದಕ್ಕಿಂತ, ಹೊಸ ಮನೆಯಲ್ಲಿ ಮಗುವಿನ ಸ್ಥಾನವೇನೆಂದು ಕೇಳಬೇಕಾದುದು ಇದಕ್ಕಾಗಿಯೇ.

ಧರ್ಮಸಭೆಯ ಕಾನೂನೂ ಈ ಪ್ರಶ್ನೆಯನ್ನು ಕೇಳದೆ ಬಿಟ್ಟಿಲ್ಲ. ಹಿಂದಿನ ಸಂಬಂಧದ ಮಕ್ಕಳ ಬಗ್ಗೆ ಸಹಜ ಹೊಣೆಯಿರುವವರ ವಿವಾಹವನ್ನು, ತುರ್ತಿನ ಸಂದರ್ಭ ಹೊರತು, ಸ್ಥಳೀಯ ಧರ್ಮಾಧಿಕಾರಿಗಳ ಅನುಮತಿಯಿಲ್ಲದೆ ನೆರವೇರಿಸಬಾರದೆಂದು 1983ರ ಸಂಹಿತೆಯ 1071ನೆಯ ವಿಧಿ ಹೇಳುತ್ತದೆ. ಮದುವೆಯನ್ನು ತಡೆಯುವುದು ಅದರ ಉದ್ದೇಶವಲ್ಲ. ಮಂಟಪದ ಹೊರಗೆ ನಿಂತಿರುವ ಮಗುವನ್ನು ಒಮ್ಮೆ ನೋಡಿ ಬನ್ನಿರೆಂಬುದೇ ಅದರ ಆಶಯ. ಈ ವಿಧಿಯನ್ನು ಕೇವಲ ಒಂದು ಕಾಗದದ ಕೆಲಸವಾಗಿ ಮುಗಿಸಿಬಿಟ್ಟರೆ ಅದರ ಜೀವವೇ ಹೋಗುತ್ತದೆ.

ಪಾಡ್ದನದ ಬಗ್ಗೆ ನನ್ನ ಆಕ್ಷೇಪವೊಂದಿದೆ. ಮಾಯವಾಗುವ ನಿರ್ಧಾರವನ್ನು ಅದು ಕೂಸಿನ ಬಾಯಲ್ಲಿ ಇಟ್ಟಿದೆ. ಮಗುವೇ ಕೇಳಿಕೊಂಡಿತು ಎಂದಾಗ ಹಿರಿಯರ ಹೊರೆ ಇಳಿಯುತ್ತದೆ. ಇಂದೂ ನಾವು ಕೇಳುವ ಮಾತು ಇದೇ: ‘ಅವನಿಗೇ ಅಜ್ಜಿಯ ಮನೆ ಇಷ್ಟವಂತೆ’, ‘ಅವಳೇ ಹಾಸ್ಟೆಲಿಗೆ ಹೋಗುತ್ತೇನೆಂದಳು’. ಅಜ್ಜಿಯ ಮನೆ ಒಳ್ಳೆಯದೇ ಇರಬಹುದು, ಹಾಸ್ಟೆಲೂ ಒಳ್ಳೆಯದಿರಬಹುದು. ಆದರೆ ತನಗೆ ಜಾಗವಿಲ್ಲವೆಂದು ತಿಳಿದ ಮಗು ಜಾಗ ಬಿಡುವುದನ್ನೇ ತನ್ನ ಇಷ್ಟವೆಂದು ಹೇಳಬಲ್ಲದು. ಬುದ್ಧಿಪೂರ್ವಕ ಆಯ್ಕೆ ಮಾಡಬಲ್ಲಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಪೋಷಕರು ಮತ್ತು ಪೋಷಿತರ ಅಧಿನಿಯಮ ಹೇಳಿದೆ. ಇಲ್ಲಿ ಪರಿಗಣಿಸುವುದೆಂದರೆ ಮಗುವಿನ ಮಾತಿನ ಹಿಂದಿರುವ ಭಯವನ್ನೂ ಕೇಳಿಸಿಕೊಳ್ಳುವುದು. ತೀರ್ಮಾನದ ಭಾರವನ್ನು ಹೊರಬೇಕಾದವರು ಹಿರಿಯರೇ.

ಈ ಕೊರತೆಯನ್ನು ಪಾಡ್ದನದ ಪರಂಪರೆ ತಾನೇ ತುಂಬಿಕೊಂಡಿದೆಯೆಂಬುದು ವಿಸ್ಮಯದ ಸಂಗತಿ. ಸಿರಿ ಜಾತ್ರೆಯಲ್ಲಿ ದರ್ಶನ ಬಂದ ಹೆಂಗಸರ ಗುಂಪನ್ನು ನಡೆಸುವಾತ ಕುಮಾರನೇ. ಕಥೆಯಲ್ಲಿ ಇಲ್ಲವಾದವನು ಆಚರಣೆಯಲ್ಲಿ ದೊಡ್ಡವನಾಗಿ ಮರಳುತ್ತಾನೆ. ಆವೇಶದಲ್ಲಿ ತತ್ತರಿಸುವವರೊಡನೆ ಮಾತನಾಡುತ್ತಾನೆ, ನೀನು ಯಾರೆಂದು ಕೇಳುತ್ತಾನೆ, ಅವರ ನೋವನ್ನು ಆಲಿಸುತ್ತಾನೆ. ಮಗುವನ್ನು ಮಾಯ ಮಾಡಿ ಕಥೆಯನ್ನು ಮುಗಿಸಲಾಗದೆಂದು ಜನಪದರ ಅಂತಃಕರಣಕ್ಕೆ ತಿಳಿದಿತ್ತು.

ಮರುಮದುವೆ ಪಾಪದ ಸಂಗತಿಯೇನಲ್ಲ. ಎಳೆಯ ಪ್ರಾಯದಲ್ಲಿ ಒಂಟಿಯಾದವರಿಗೆ ಅದು ಬದುಕಿನ ಆಸರೆ. ಆದರೆ ಮುಹೂರ್ತ ಗೊತ್ತುಮಾಡಲು ಕುಳಿತ ಹಿರಿಯರು ಮಗುವಿನ ಮಲಗುವ ಜಾಗ, ಅದರ ಶಾಲೆ, ಅಗಲಿದ ತಂದೆಯ ಅಥವಾ ತಾಯಿಯ ಕಡೆಯವರೊಡನೆ ಅದರ ಒಡನಾಟ, ಇವುಗಳನ್ನೂ ಅದೇ ದಿನ ನಿಶ್ಚಯಿಸಲಿ. ಸಿರಿಗೆ ಅಂಥ ಹಿರಿಯರು ದೊರೆಯಲಿಲ್ಲ. ನಮ್ಮ ನಡುವಿನ ಸಿರಿಯರಿಗೆ ನಾವು ದೊರೆಯಬಹುದು.