ದೇವನಗರದಲ್ಲಿ ದಂಪತಿಗಳು

ಬೆನ್ನಿಗೆ ಚೀಲವೇರಿಸಿ ಬ್ಯಾಂಕಾಕ್ ಸುತ್ತಿಬಂದ ಯುವದಂಪತಿಗಳ ಪ್ರವಾಸಲೇಖನವೊಂದು ವಿಮರ್ಶೆಗೆ ಬಂದಿದೆ. ಬಿಸಿಲಿನ ವರ್ಣನೆಯಲ್ಲಿ ಇವರದು ಪಳಗಿದ ಕೈ. ಓದುವಾಗ ನಮಗೂ ಬೆವರಿಳಿಯಿತು. ಆದರೆ ವಾಟ್ ಫೋ ವಿಹಾರದ ಶಯನಬುದ್ಧನ ಉದ್ದ 46 ಮೀಟರೆಂದು ಬರೆದವರು, ಅವನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳಚಿಹ್ನೆಗಳನ್ನು ನೋಡದೆಯೇ ಹೊರಬಿದ್ದರಲ್ಲ! ಮರಕತಬುದ್ಧನ ಆಲಯದ ಮೊಗಸಾಲೆಯ ಗೋಡೆಗಳಲ್ಲಿ ಥಾಯಿ ಜನರ ರಾಮಾಯಣವಾದ ‘ರಾಮಕಿಯೆನ್’ 178 ಚಿತ್ರಗಳಾಗಿ ಹಬ್ಬಿದೆ. ಇವರಿಗೆ ಅದು ಬರಿಯ ನೆರಳಿನ ತಾಣ. 1782ರಲ್ಲಿ ಅರಸನಾದ ಒಂದನೆಯ ರಾಮನು ರಚಿಸಿದ ಆ ಕಾವ್ಯದಲ್ಲಿ ಹನುಮಂತನು ಬ್ರಹ್ಮಚಾರಿಯಲ್ಲ. ರಾವಣಪುತ್ರಿಯಾದ ಮತ್ಸ್ಯಕನ್ಯೆಗೆ ಮನಸೋತವನು. ನಮ್ಮ ಆಸ್ತಿಕರು ಮುನಿದಾರು, ಮುನಿಯಲಿ. ಕಥೆಯೊಂದು ಪರನಾಡಿನಲ್ಲಿ ಮನೆಮಾಡಿಕೊಂಡ ಬಗೆಯನ್ನು ತೋರಲು ಅದಕ್ಕಿಂತ ಒಳ್ಳೆಯ ಗೋಡೆ ಎಲ್ಲಿದೆ? ದಂಪತಿಗಳು ಮತ್ತೊಮ್ಮೆ ಹೋದರೆ ಅಲ್ಲಿ ಒಂದು ಮುಂಜಾನೆ ಕಳೆದು, ಲೇಖನವನ್ನು ತಿದ್ದಿ ಕಳುಹಿಸಲಿ.