ಅವಧಾನವೂ ಜ್ಞಾಪಕಶಕ್ತಿಯೂ

ಗೊರಗುಂಟೆಪಾಳ್ಯದಲ್ಲಿ ತುಮಕೂರಿನ ಹೆದ್ದಾರಿಯು ಹೊರವರ್ತುಲ ರಸ್ತೆಯನ್ನು ಕೂಡುತ್ತದೆ. ಅಲ್ಲಿಂದ ಪೀಣ್ಯದ ಕಡೆಗೆ ನಡೆದರೆ ಸಣ್ಣ ದೊಡ್ಡ ಯಂತ್ರಶಾಲೆಗಳು. ಬಹುಕಾಲ ಲೇತಿನ ಮುಂದೆ ನಿಂತು ಪಳಗಿದ ಕೆಲಸಗಾರನು ಯಂತ್ರದ ಸದ್ದು ತುಸು ಬದಲಾದೊಡನೆ ಟೂಲಿನ ಮೊನೆ ಮೊಂಡಾಯಿತೆಂದು ಅರಿಯುವನು. ಹೇಗೆ ತಿಳಿಯಿತೆಂದು ಕೇಳಿದರೆ ‘ಕೈಗೆ ಅಭ್ಯಾಸ’ ಎಂದು ಹೇಳಿ, ಕಿವಿಯ ಕೆಲಸವನ್ನು ಕೈಯ ಲೆಕ್ಕಕ್ಕೆ ಬರೆದುಬಿಡುವನು. ಬಲ್ಲವನು ತನ್ನ ಬಲ್ಮೆಯನ್ನೇ ವಿವರಿಸಹೊರಟಾಗ ಇಂತಹ ಪ್ರಮಾದವು ಸಹಜ.

ನಮ್ಮ ಅವಧಾನಕಲೆಗೂ ಇದೇ ಗತಿಯಾಗಿದೆ. ಆದರೆ ಇಲ್ಲಿ ಪ್ರಮಾದವು ಅವಧಾನಿಗಳದಲ್ಲ, ಸಭಿಕರದು. ಅಷ್ಟಾವಧಾನವು ಮುಗಿದು ಜನರು ಎದ್ದು ಹೋಗುವಾಗ ಕೇಳಿಬರುವ ಮಾತು ಒಂದೇ: ‘ಅಬ್ಬಾ, ಏನು ಜ್ಞಾಪಕಶಕ್ತಿ!’ ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಚಿತ್ರಕವಿತೆ, ಆಶುಕವಿತೆ, ಸಂಖ್ಯಾಬಂಧ, ಕಾವ್ಯವಾಚನ, ಇವೆಲ್ಲದರ ನಡುವೆ ಸಮಯ ಸಂದರ್ಭ ನೋಡದೆ ನುಗ್ಗುವ ಅಪ್ರಸ್ತುತ ಪ್ರಸಂಗ; ಒಂದೊಂದು ಸುತ್ತಿನಲ್ಲಿ ಒಂದೊಂದು ಪಾದವನ್ನು ರಚಿಸಿ, ಕಟ್ಟಕಡೆಯಲ್ಲಿ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಒಪ್ಪಿಸುವುದು ಅದ್ಭುತವಲ್ಲವೆಂದು ಯಾರೂ ಹೇಳರು. ಆದರೆ ಕಲೆಯ ಹೆಸರೇನು? ಅವಧಾನವೆಂದರೆ ಮನಸ್ಸನ್ನಿಡುವುದು. ಸ್ಮೃತಿಯೆಂದು ಅದಕ್ಕೆ ಯಾರೂ ಹೆಸರಿಡಲಿಲ್ಲ.

ನಿಷೇಧಾಕ್ಷರಿಯನ್ನೇ ಪರೀಕ್ಷಿಸೋಣ. ಶಾರದಾಸ್ತುತಿ ಇಂದ್ರವಜ್ರಾವೃತ್ತದಲ್ಲಿ ಬೇಕೆಂದು ಪೃಚ್ಛಕನ ಅಪೇಕ್ಷೆಯೆಂದು ಭಾವಿಸಿರಿ. ಶ್ರೀಕಾರದಿಂದ ಆರಂಭವಾದೀತೆಂದು ಊಹಿಸಿ ಆತನು ‘ಶ’ಕಾರವನ್ನು ನಿಷೇಧಿಸುವನು. ಅವಧಾನಿಯು ‘ವಾ’ ಎನ್ನುವನು. ‘ವಾಣೀ’ ಎಂಬುದು ಬರಬಹುದೆಂದು ‘ಣ’ಕಾರಕ್ಕೆ ತಡೆ. ಅವಧಾನಿಯು ‘ಗ್ದೇ’ ಎನ್ನುವನು. ‘ವಾಗ್ದೇವಿ’ಯನ್ನು ತಪ್ಪಿಸಲು ‘ವ’ಕಾರಕ್ಕೂ ತಡೆ. ಆಗ ‘ಹೆ’ ಎನ್ನಲು ‘ವಾಗ್ದೇಹೆ’, ಅಂದರೆ ಮಾತೇ ಮೈಯಾದವಳು ಎಂಬ ಸಂಬೋಧನೆಯಾಯಿತು. ಗುರು ಗುರು ಲಘುವೆಂಬ ತಗಣವೂ ಕೆಡಲಿಲ್ಲ. ಈ ಮೂರು ಅಕ್ಷರಗಳಲ್ಲಿ ಜ್ಞಾಪಕವು ಮಾಡಿದ ಕೆಲಸವು ಅತ್ಯಲ್ಪ. ಒಂದೇ ಮೊದಲುಳ್ಳ ಹಲವು ಶಬ್ದಗಳನ್ನು ಮನಸ್ಸಿನಲ್ಲಿ ಬಿಚ್ಚಿಟ್ಟುಕೊಂಡು, ವಾಕ್ಯದ ಅರ್ಥವನ್ನು ಯಾವ ಕಡೆಗೂ ಮುಚ್ಚದೆ, ಗಣವೊಂದನ್ನು ಮಾತ್ರ ಬಿಗಿಹಿಡಿದು ನಡೆದುದೇ ಇಲ್ಲಿಯ ಕೌಶಲ. ಪೃಚ್ಛಕನಿಗೂ ಅದೇ ಶಬ್ದಭಾಂಡಾರವಿರಬೇಕು; ಇಲ್ಲದಿದ್ದರೆ ತಡೆಯು ಗುರಿ ಮುಟ್ಟದು. ದುರ್ಬಲ ಪೃಚ್ಛಕನೆದುರು ಮೆರೆದ ನಿಷೇಧಾಕ್ಷರಿಗೆ ಬೆಲೆ ಕಡಿಮೆಯೆಂದು ನಮ್ಮ ವರದಿಗಾರರು ಎಂದಾದರೂ ಬರೆದುದುಂಟೆ?

ಧಾರಣೆಯ ರಹಸ್ಯವೂ ಇಲ್ಲಿಯೇ ಇದೆ. ಇಷ್ಟು ಹೆಣಗಿ ಕಟ್ಟಿದ ಪಾದವನ್ನು ಕಟ್ಟಿದವನು ಮರೆಯುವುದು ಕಷ್ಟ. ವೃತ್ತದ ನಡಿಗೆಯೇ ಅದನ್ನು ಹೊತ್ತು ತರುತ್ತದೆ. ಚದುರಂಗದ ಆಟಗಾರರನ್ನು ಕುರಿತು ಛೇಸ್ ಮತ್ತು ಸೈಮನ್ ಎಂಬ ವಿದ್ವಾಂಸರು 1973ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದಕ್ಕೆ ಬೆಂಬಲವಾಗಿದೆ. ನಿಜವಾದ ಆಟದ ಮಧ್ಯದ ಮಣೆಯನ್ನು ಕೆಲವೇ ಕ್ಷಣ ತೋರಿಸಿದರೆ ನಿಪುಣನು ಬಹುಪಾಲು ಕಾಯಿಗಳ ಸ್ಥಾನವನ್ನು ಹೇಳಬಲ್ಲನು. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟರೆ ಹೊಸಬನಿಗಿಂತ ಆತನ ಮೇಲ್ಮೆಯು ಹೆಚ್ಚೇನೂ ಉಳಿಯದು. ಅರ್ಥವುಳ್ಳ ಜೋಡಣೆಯನ್ನು ಕಾಣುವ ಕಣ್ಣೇ ಆತನ ನೆನಪಿಗೆ ಆಧಾರ.

ಇಷ್ಟು ಹೇಳಿದ ಮೇಲೆ, ಅವಧಾನದ ಪದ್ಯಗಳೆಲ್ಲವೂ ಕಾವ್ಯವೆಂದು ವಾದಿಸುವುದು ಸಲ್ಲದು. ಸಮಸ್ಯಾಪೂರಣದಲ್ಲಿ ಒಮ್ಮೊಮ್ಮೆ ಮಿಂಚು ಹೊಳೆಯುವುದುಂಟು. ದತ್ತಪದಿಯಲ್ಲಿ ಬಹುಮಟ್ಟಿಗೆ ಹೊಂದಿಕೆಯ ಚಾತುರ್ಯವಷ್ಟೆ. ಸಂಖ್ಯಾಬಂಧವಂತೂ ರೀತಿಯನ್ನರಿತವನಿಗೆ ಗಣಿತದ ಹದವಾದ ಆಟ. ಇದೆಲ್ಲ ಬರಿಯ ಸರ್ಕಸ್ಸೆಂದು ಜರೆಯುವವರು ಫಲವನ್ನು ಮಾತ್ರ ಕಂಡವರು. ದೈವದತ್ತವೆಂದು ಕೈಮುಗಿಯುವವರು ಮಾಡುವ ಹಾನಿ ಇನ್ನೂ ಹೆಚ್ಚಿನದು, ಏಕೆಂದರೆ ದೈವದತ್ತವಾದುದನ್ನು ಕಲಿಸಲು ಯಾರೂ ತೊಡಗರು. ಪಾಠಶಾಲೆಯಲ್ಲಿ ಅಮರಕೋಶವನ್ನು ಬೆಳಗಿನ ಹೊತ್ತು ಬಾಯಿಪಾಠ ಮಾಡಿದ ಹುಡುಗನಿಗೆ ಈ ಕಲೆಯ ಕಚ್ಚಾ ಸಾಮಗ್ರಿಯು ತಾನಾಗಿಯೇ ಕೂಡಿಬರುತ್ತಿದ್ದಿತು. ಆ ಬಾಯಿಪಾಠವು ಈಗ ವಿರಳ. ಮುಂದಿನವರು ಅದನ್ನು ತಿಳಿದು ಪ್ರಯತ್ನಪೂರ್ವಕವಾಗಿ ಕೂಡಿಹಾಕಬೇಕಾಗಿದೆ.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಭಾಗ್ಯವುಂಟು. 2012ರ ನವೆಂಬರ್ 30ರಿಂದ ಮೂರು ದಿನ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದ ರಾ. ಗಣೇಶರು ಸ್ವತಃ ‘ಕನ್ನಡದಲ್ಲಿ ಅವಧಾನಕಲೆ’ ಎಂಬ ಪ್ರಬಂಧವನ್ನೂ ರಚಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪದವಿಯನ್ನು ಪಡೆದವರು. ಮಾಡಬಲ್ಲವರೇ ಬರೆಯಲೂ ಬಲ್ಲವರಾಗುವುದು ಅಪೂರ್ವ. ಆದರೂ ಪ್ರಬಂಧವೊಂದರಿಂದಲೇ ಕೆಲಸವು ಮುಗಿಯದು; ಒಂದೊಂದು ಸಭೆಯ ವಿವರವೂ ಬೇಕು. ಹಾಲೆಂಡಿನ ಡಿ ಗ್ರೂಟ್ ಎಂಬವರು ಚದುರಂಗದ ನಿಪುಣರಿಗೆ ನಡೆಯನ್ನು ಆಲೋಚಿಸುತ್ತಿರುವಾಗಲೇ ಆಲೋಚನೆಯನ್ನು ಬಾಯಿಬಿಟ್ಟು ಹೇಳಿಸಿ ಬರೆದುಕೊಂಡು, 1946ರಲ್ಲಿ ಗ್ರಂಥವಾಗಿ ಹೊರತಂದರು. ಅವಧಾನಿಗೆ ಇದು ಅಸಾಧ್ಯ. ಆತನ ಬಾಯಿ ಆಗ ಪದ್ಯಕ್ಕೆ ಮೀಸಲು. ಆದಕಾರಣ ಸಭೆಯು ಮುಗಿದೊಡನೆ, ಹಾರ ತುರಾಯಿಗಳ ಗಲಾಟೆಗೆ ಮುಂಚೆ, ನಿಷೇಧಾಕ್ಷರಿಯ ಪೃಚ್ಛಕನು ಪದ್ಯವನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರಕ್ಕೂ ‘ಇಲ್ಲಿ ಕೈಬಿಟ್ಟ ಶಬ್ದ ಯಾವುದು?’ ಎಂದು ಕೇಳಿ ಬರೆದುಕೊಳ್ಳಲಿ. ಮಾರನೆಯ ದಿನ ಕೇಳಿದರೆ ಉತ್ತರದಲ್ಲಿ ಶಾಸ್ತ್ರವಿರುವುದು, ನಡೆದುದು ಇರದು.